ಪಿಟ್ಸ್‌ಬರೋ ಬಳಿಯ ಹಳೇ ಶಾಲೆ ಜಾಗ: ಕಡತ ಹುಡುಕೋದು ಎಲ್ಲಿಂದ

ನಮಸ್ಕಾರ ಸರ್. ಬದನೆ, ನುಗ್ಗೆ, ಜಿಂಕೆ ಕಾಟದ ನಡುವೆ ಇಂಥದ್ದೊಂದು ಪ್ರಶ್ನೆ ನಮ್ಮ ಈ ತೋಟದ ಗುಂಪಿಗೆ ಬಂದಿದ್ದು ನೋಡಿ ಖುಷಿಯಾಯ್ತು. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ, ಬೇಜಾರಾದವರು ಮುಂದಕ್ಕೆ ಹೋಗಬಹುದು. ನೀವು ಕೇಳಿದ್ದು ಇಷ್ಟು: ಅಮೆರಿಕದ ನಾರ್ತ್ ಕ್ಯಾರೊಲೈನಾದ ಚಾಥಮ್ ಕೌಂಟಿಯಲ್ಲಿ ತೋಟಕ್ಕೆ ಅಂತ ತಗೊಂಡ ಆರು ಎಕರೆಯ ಹಳೇ ಕ್ರಯಪತ್ರದ ಚಕ್ಕುಬಂದಿಯಲ್ಲಿ 'ಸ್ಕೂಲ್ ಹೌಸ್ ಲಾಟ್' ಅಂತಿದೆ, ಪಕ್ಕದ ಜಮೀನಿನ ಹಿರಿಯರೂ ಅಲ್ಲೊಂದು ಶಾಲೆ ಇತ್ತು ಅಂತಾರೆ, ಪೊದೆ ಕಡಿದಾಗ ನಾಲ್ಕು ಮೂಲೆಗಲ್ಲು ಸಿಕ್ಕಿವೆ. ಶಾಲೆ ಯಾವ ಕಾಲದ್ದು, ಯಾರು ಓದಿದರು, ದಾಖಲಾತಿ ಪುಸ್ತಕ ಎಲ್ಲಿದೆ?

ದಾಖಲಾತಿ ಪುಸ್ತಕದ ಆಸೆ ಮೊದಲು ಬಿಡಿ. ಹತ್ತೊಂಬತ್ತನೇ ಶತಮಾನದ ನಾರ್ತ್ ಕ್ಯಾರೊಲೈನಾ ಹಳ್ಳಿಶಾಲೆಯ ಹಾಜರಿ ಪುಸ್ತಕ ಉಳಿದಿರೋದು ಬಲು ಅಪರೂಪ. ಅದು ಮೇಷ್ಟರ ಚೀಲದಲ್ಲಿ ಬಂತು, ಅವರ ಜೊತೆಗೇ ಹೋಯ್ತು. ಉಳಿದಿರೋದು ದುಡ್ಡಿನ ಲೆಕ್ಕ ಮತ್ತು ಜಮೀನಿನ ಪತ್ರ. ಕೌಂಟಿಗೆ ಆಗ ಶಾಲೆ ಅಂದರೆ ರಸ್ತೆ, ಸೇತುವೆ, ಬಡವರ ಖರ್ಚಿನ ಹಾಗೆ ಇನ್ನೊಂದು ಬಾಬತ್ತು. ಶಾಲೆಯನ್ನು ಶಾಲೆಯ ಕಡತದಲ್ಲಿ ಹುಡುಕಿದವರು ಬರಿಗೈಲಿ ಬರ್ತಾರೆ, ಖಜಾನೆಯ ಕಡತದಲ್ಲಿ ಹುಡುಕಿದವರಿಗೆ ಏನಾದರೂ ಸಿಗುತ್ತೆ.

ಕ್ರಯಪತ್ರದಿಂದಲೇ ಶುರು ಮಾಡಿ. ಕೌಂಟಿ ಕೇಂದ್ರ ಪಿಟ್ಸ್‌ಬರೋದ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿ, ಅಂದರೆ ಜಮೀನು ಪತ್ರ ನೋಂದಾಯಿಸೋ ಕಡೆ, ಮಾರಿದವರ ಸೂಚಿ, ಕೊಂಡವರ ಸೂಚಿ ಅಂತ ಎರಡಿರುತ್ತೆ. ನಿಮ್ಮ ಪತ್ರದಿಂದ ಹಿಂದಕ್ಕೆ ಒಬ್ಬೊಬ್ಬರೇ ಮಾಲೀಕರನ್ನು ಹಿಡಿದು ಹೋಗಿ, ಜಮೀನು ಒಡೆದು ಪಾಲಾದ ಕಡೆ ಅಕ್ಕಪಕ್ಕದ ಪತ್ರಗಳನ್ನೂ ತೆರೆಯಿರಿ. ಶಾಲೆ ಜಾಗ ಕೊಂಡವರ ಸೂಚಿಯಲ್ಲಿ 'ಸ್ಕೂಲ್' ಅಂತಲೇ ಇರಬೇಕಂತಿಲ್ಲ. 'ಕಮಿಟಿ', 'ಟ್ರಸ್ಟೀಸ್', 'ಡಿಸ್ಟ್ರಿಕ್ಟ್ ನಂಬರ್ ಇಂಥದ್ದು' (ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಕೌಂಟಿಯೊಳಗೆ ಒಂದು ಶಾಲೆಯ ವ್ಯಾಪ್ತಿ), ಅಷ್ಟೇಕೆ, ಬರೀ ಶಾಲಾ ಸಮಿತಿಯ ಮೊದಲ ಸದಸ್ಯನ ಮನೆತನದ ಹೆಸರಿನಲ್ಲೂ ಕೂತಿರುತ್ತೆ. ಒಂದು ಡಾಲರ್‌ಗೆ ಒಂದೆಕರೆ ಬರೆದುಕೊಟ್ಟ ಪತ್ರ ಕಂಡರೆ ಕಣ್ಣರಳಿಸಿ ಓದಿ. 'ಶಾಲೆ ನಡೆಯುವವರೆಗೆ ಮಾತ್ರ, ಆಮೇಲೆ ಜಮೀನು ನಮಗೇ ವಾಪಸ್' ಅನ್ನೋ ಷರತ್ತು ಹಲವು ಪತ್ರಗಳಲ್ಲಿದೆ. ಅದು ಇದ್ದರೆ ನಿಮ್ಮ ಹಕ್ಕುಪತ್ರಕ್ಕೂ ಸಂಬಂಧಪಟ್ಟ ವಿಷಯ, ವಕೀಲರಿಗೆ ಒಮ್ಮೆ ತೋರಿಸಿ.

ಇನ್ನೊಂದು ಮರೀಬೇಡಿ. ಆಗಿನ ಜನ ಪತ್ರ ಬರೆಸಿ ಪೆಟ್ಟಿಗೆಯಲ್ಲಿಟ್ಟು, ನೋಂದಣಿಗೆ ವರ್ಷಗಟ್ಟಲೆ ಹೋಗ್ತಿರಲಿಲ್ಲ. 1885ರಲ್ಲಿ ರಾಜ್ಯದಲ್ಲಿ ಕಾನರ್ ಆಕ್ಟ್ ಅನ್ನೋ ನೋಂದಣಿ ಕಾಯ್ದೆ ಬಂದು, ನೋಂದಣಿ ಆಗದ ಪತ್ರಕ್ಕೆ ಮಾರಿದವನಿಗೆ ಸಾಲ ಕೊಟ್ಟವರ ಎದುರು, ಆಮೇಲೆ ಕೊಳ್ಳುವವರ ಎದುರು ಬೆಲೆಯಿಲ್ಲ ಅಂತಾಯ್ತು. ಆಗ ಹಳೇ ಪತ್ರ ಹಿಡಿದು ಜನ ಕಚೇರಿಗೆ ಓಡಿದರು. ಹಾಗಾಗಿ 1850ರ ಪತ್ರ 1885–86ರ ಪುಸ್ತಕದಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ.

ಚಕ್ಕುಬಂದಿ ಓದೋದು ನಮ್ಮವರಿಗೆ ಕಷ್ಟವಾಗಬಾರದು. 'ಕಲ್ಲಿನಿಂದ ಉತ್ತರಕ್ಕೆ 40 ಡಿಗ್ರಿ ಪೂರ್ವ, 20 ಪೋಲ್ ದೂರದ ಪೋಸ್ಟ್ ಓಕ್ ಮರ, ಅಲ್ಲಿಂದ ಹಳ್ಳದ ಗುಂಟ' ಅಂತ ಸಾಗುತ್ತೆ. ಒಂದು ಪೋಲ್ ಅಂದರೆ 16.5 ಅಡಿ. ಎರಡು ಪೋಲ್ ಸೇರಿದರೆ 33 ಅಡಿ, ಅದೇ ನಮ್ಮೂರ ಸರ್ವೆಯವರ ಸರಪಳಿ. ಎರಡು ಪೋಲ್ ಉದ್ದ, ಎರಡು ಪೋಲ್ ಅಗಲದ ಚೌಕ ಕರಾರುವಾಕ್ಕಾಗಿ ಒಂದು ಗುಂಟೆ, 160 ಚದರ ಪೋಲ್ ಅಂದರೆ 40 ಗುಂಟೆ, ಒಂದು ಎಕರೆ. ಎರಡೂ ಕಡೆ ಅಳತೆ ಇಂಗ್ಲಿಷರ ಸರಪಳಿಯಿಂದಲೇ ಬಂದದ್ದು. ಗ್ರಾಫ್ ಹಾಳೆ ಮೇಲೆ ಗೆರೆ ಎಳೆದು ಆಕಾರ ಬಿಡಿಸಿ, ಈಗಿನ ಕೌಂಟಿ ನಕ್ಷೆ ಮೇಲೆ ಇಟ್ಟು ನೋಡಿ. ದಿಕ್ಸೂಚಿಯ ಉತ್ತರ ಆಗಿಗೂ ಈಗಿಗೂ ಕೆಲವು ಡಿಗ್ರಿ ಸರಿದಿದೆ, ಹಾಗಾಗಿ ಹಾಳೆಯನ್ನು ಚೂರು ತಿರುಗಿಸಿ ಹಳ್ಳದ ಅಂಕುಡೊಂಕಿಗೆ ಹೊಂದಿಸಿ. ಮರ ಹೋಗಿರುತ್ತೆ, ಹಳ್ಳ ಹೋಗಿರಲ್ಲ. ಮೂಲೆಗಲ್ಲುಗಳನ್ನು ದಯವಿಟ್ಟು ಕೀಳಬೇಡಿ, ಮೊದಲು ಟೇಪ್ ಹಿಡಿದು ಅಳೆದು ಫೋಟೋ ತೆಗೆಯಿರಿ.

ಪತ್ರವೇ ಇಲ್ಲದ ಶಾಲೆಗಳೂ ಬೇಕಾದಷ್ಟಿದ್ದವು. ಬೆಳೆದು ಬೆಳೆದು ಸತ್ವ ಹೋದ ಹೊಲವನ್ನು ಬೀಳು ಬಿಟ್ಟಾಗ ಅಲ್ಲಿ ಊರವರು ಮರದ ದಿಮ್ಮಿ ಜೋಡಿಸಿ ಒಂದು ಕೋಣೆ ಎಬ್ಬಿಸಿ, ಚಂದಾ ಎತ್ತಿ ಮೇಷ್ಟರನ್ನು ಇಟ್ಟುಕೊಳ್ಳೋರು. 'ಓಲ್ಡ್ ಫೀಲ್ಡ್ ಸ್ಕೂಲ್' ಅಂತ ಕರೆಯೋದು ಅದನ್ನೇ. (ನಿಮ್ಮ ಕೆಂಪು ಮಣ್ಣಿಗೆ ಎಷ್ಟು ಗೊಬ್ಬರ ಸುರಿದರೂ ಸಾಲಲ್ಲ ಅಂತ ಹೋದ ತಿಂಗಳು ಬರೆದಿದ್ದಿರಿ, ಬಹುಶಃ ಎರಡು ಪ್ರಶ್ನೆಗೂ ಒಂದೇ ಉತ್ತರ.)

ಈಗ ಸರ್ಕಾರಿ ದುಡ್ಡಿನ ಕಥೆ. 1839ರಲ್ಲಿ ರಾಜ್ಯ ಕಾಮನ್ ಸ್ಕೂಲ್, ಅಂದರೆ ಸಾರ್ವಜನಿಕ ಶಾಲೆಗಳ ಕಾಯ್ದೆ ತಂದಿತು. ಶಾಲೆ ಬೇಕೋ ಬೇಡವೋ ಅಂತ ಕೌಂಟಿಗಳಲ್ಲಿ ಆಗಸ್ಟ್‌ನಲ್ಲಿ ಮತ ಹಾಕಿಸಿದರು. 68 ಕೌಂಟಿಗಳಲ್ಲಿ ಏಳು ಮಾತ್ರ ಬೇಡ ಅಂದವು, ಚಾಥಮ್ ಆ ಏಳರಲ್ಲಿಲ್ಲ. ಮೊದಲ ಶಾಲೆ ತೆರೆದದ್ದು 1840ರ ಜನವರಿಯಲ್ಲಿ, ರಾಕಿಂಗ್‌ಹ್ಯಾಮ್ ಕೌಂಟಿಯಲ್ಲಿ. ಲೆಕ್ಕ ಸರಳ: ಐವತ್ತು ಮಕ್ಕಳು ಕೂರುವಷ್ಟು ಕಟ್ಟಡ ಕಟ್ಟಿ, ಡಿಸ್ಟ್ರಿಕ್ಟ್‌ನವರು 20 ಡಾಲರ್ ಹೊಂದಿಸಿದರೆ, ಶಾಲೆಗಳಿಗೆಂದೇ ಇದ್ದ ರಾಜ್ಯದ ನಿಧಿ ಲಿಟರರಿ ಫಂಡ್ 40 ಡಾಲರ್ ಕೊಡುತ್ತೆ. ಇದನ್ನೆಲ್ಲ ನೋಡಿಕೊಳ್ಳೋಕೆ ಮೇಲ್ವಿಚಾರಕರ ಮಂಡಳಿಯನ್ನು ನೇಮಿಸ್ತಿದ್ದದ್ದು ಕೌಂಟಿ ಕೋರ್ಟು. ಅದರ ಪೂರ್ತಿ ಹೆಸರು ಕೋರ್ಟ್ ಆಫ್ ಪ್ಲೀಸ್ ಅಂಡ್ ಕ್ವಾರ್ಟರ್ ಸೆಷನ್ಸ್. ವರ್ಷಕ್ಕೆ ನಾಲ್ಕು ಸಲ ಸೇರೋದು, ನ್ಯಾಯವೂ ಅದೇ, ಆಡಳಿತವೂ ಅದೇ. 1868ರವರೆಗಿನ ಅದರ ಮಿನಿಟ್ಸ್ ಪುಸ್ತಕಗಳೇ ನಿಮಗೆ ಮುಖ್ಯ ಆಧಾರ. ರಸ್ತೆ ಮೇಸ್ತ್ರಿಯ ನೇಮಕ, ಗಿರಣಿ ಕಟ್ಟೋ ಪರವಾನಗಿ, ಅನಾಥ ಮಕ್ಕಳಿಗೆ ಪೋಷಕರು, ಶಾಲಾ ಮಂಡಳಿ ಎಲ್ಲ ಒಂದೇ ಪುಸ್ತಕದಲ್ಲಿ. ಗುಲಾಮರು ರಾತ್ರಿ ಓಡಾಡದಂತೆ ಕಾಯೋ ಪಹರೆಯವರ ನೇಮಕವೂ ಅದೇ ಕೋರ್ಟಿನದು, ಕೆಲವು ಕಡೆ ಶಾಲಾ ಮಂಡಳಿ, ಪಹರೆ ಎರಡೂ ಪಟ್ಟಿಯಲ್ಲಿ ಅದೇ ಹೆಸರುಗಳು. ಪುಟ ತಿರುಗಿಸುವಾಗ ಇದನ್ನು ಹಾರಿಸಬೇಡಿ. ಆ ಶಾಲೆ ಯಾರಿಗಾಗಿ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಬಿಡಿ ಕಾಗದಗಳು ರಾಲಿಯ ಸ್ಟೇಟ್ ಆರ್ಕೈವ್ಸ್‌ನಲ್ಲಿ ಕೌಂಟಿವಾರು ಪೆಟ್ಟಿಗೆಗಳಲ್ಲಿವೆ. ಚಾಥಮ್ ಪಟ್ಟಿಯಲ್ಲಿ ಶಾಲೆಗೆ ಸಂಬಂಧಿಸಿದ ಕಾಗದ ಅಂತ ಬೇರೆ ಪೆಟ್ಟಿಗೆ ಇದೆಯಾ ಅಂತ ಸಿಬ್ಬಂದಿಯನ್ನು ಕೇಳಿ, ಇಲ್ಲದಿದ್ದರೆ 'ಇತರೆ' ಅಂತಿರೋ ಪೆಟ್ಟಿಗೆ ತರಿಸಿ. ಹುಡುಕಬೇಕಾದ್ದು ಮೇಷ್ಟರ ಸಂಬಳದ ರಸೀದಿ. ಅಂಗೈ ಅಗಲದ ಚೀಟಿ, ಮೂರು ಮಡಿಕೆ, ಹೊರಮೈಯಲ್ಲಿ ಹೆಸರು, ವರ್ಷ. ಬಿಡಿಸಿದರೆ ಇಂಥ ನಂಬರಿನ ಡಿಸ್ಟ್ರಿಕ್ಟ್‌ನಲ್ಲಿ ಇಷ್ಟು ತಿಂಗಳು ಪಾಠ ಮಾಡಿದ್ದಕ್ಕೆ ಇಷ್ಟು ಡಾಲರ್ ಕೊಡಿ ಅಂತ ಸಮಿತಿಯವರು ಮಂಡಳಿಯ ಅಧ್ಯಕ್ಷರಿಗೆ ಬರೆದ ಆದೇಶ, ಕೆಳಗೋ ಹಿಂಬದಿಗೋ ಹಣ ಮುಟ್ಟಿತು ಅಂತ ಮೇಷ್ಟರ ಸಹಿ. ಇಂಥ ಒಂದು ಚೀಟಿ ಸಿಕ್ಕರೆ ಡಿಸ್ಟ್ರಿಕ್ಟ್ ನಂಬರ್, ಮೇಷ್ಟರು, ಸಮಿತಿಯವರು, ಶಾಲೆ ನಡೆದ ತಿಂಗಳು ನಾಲ್ಕೂ ಸಿಕ್ಕಂತೆ. ಸಮಿತಿಯವರು ಸಾಮಾನ್ಯವಾಗಿ ಶಾಲೆಯ ಆಸುಪಾಸಿನ ರೈತರೇ. ಅವರ ಹೆಸರನ್ನು ನಿಮ್ಮ ಚಕ್ಕುಬಂದಿಯ ನೆರೆಹೊರೆಯವರ ಹೆಸರಿನ ಪಕ್ಕ ಇಟ್ಟು ನೋಡಿ, ತಾಳೆಯಾದರೆ ಶಾಲೆ ಸಿಕ್ಕಿತು. ಡಿಸ್ಟ್ರಿಕ್ಟ್ ನಂಬರನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಗಡಿ ಬದಲಾದಾಗಲೆಲ್ಲ ನಂಬರೂ ಬದಲಾಗ್ತಿತ್ತು. 1853ರಲ್ಲಿ ಕ್ಯಾಲ್ವಿನ್ ವೈಲಿ ರಾಜ್ಯದ ಸೂಪರಿಂಟೆಂಡೆಂಟ್ ಆದ ಮೇಲೆ ಮೇಷ್ಟರಿಗೆ ವರ್ಷವರ್ಷ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡೋ ಪದ್ಧತಿ ಗಟ್ಟಿಯಾಯ್ತು, ಅದರಿಂದ 1850ರ ದಶಕದ ಕಾಗದಗಳು ಮುಂಚಿನವಕ್ಕಿಂತ ಚೊಕ್ಕ.

ನನ್ನ ಕೇಳಿದರೆ ಇವೆಲ್ಲಕ್ಕಿಂತ ರುಚಿಯಾದದ್ದು ಪೋಷಕರ ಲೆಕ್ಕ. ಅಪ್ಪ ತೀರಿಕೊಂಡು ಆಸ್ತಿ ಇದ್ದ ಮಕ್ಕಳಿಗೆ ಕೋರ್ಟು ಪೋಷಕರನ್ನು ನೇಮಿಸೋದು, ಆತ ಖರ್ಚಿನ ಲೆಕ್ಕ ಕೋರ್ಟಿಗೆ ಒಪ್ಪಿಸಬೇಕು. ಬೂಟು, ಬಟ್ಟೆ, ವೈದ್ಯರ ಬಾಕಿ, ಅದರ ನಡುವೆ 'ಇಂಥ ಮೇಷ್ಟರಿಗೆ ಪಾಠದ ಬಾಬ್ತು', 'ಸ್ಪೆಲ್ಲಿಂಗ್ ಬುಕ್ ಒಂದು', 'ಸ್ಲೇಟು'. ಮಗುವಿನ ಹೆಸರು, ಮೇಷ್ಟರ ಹೆಸರು, ವರ್ಷ ಒಂದೇ ಸಾಲಿನಲ್ಲಿ! ಯಾರು ಓದಿದರು ಅನ್ನೋ ನಿಮ್ಮ ಪ್ರಶ್ನೆಗೆ 1868ಕ್ಕೆ ಮುಂಚಿನ ಕಾಲಕ್ಕೆ ಸಿಗಬಹುದಾದ ನೇರ ಉತ್ತರ ಇದೇ. ಇವು ನಾರ್ತ್ ಕ್ಯಾರೊಲೈನಾ ಎಸ್ಟೇಟ್ ಫೈಲ್ಸ್ ಅನ್ನೋ ಸಂಗ್ರಹದಲ್ಲಿ ಫ್ಯಾಮಿಲಿಸರ್ಚ್ ತಾಣದಲ್ಲಿವೆ, ಮನೆಯಲ್ಲೇ ಕೂತು ಉಚಿತವಾಗಿ ನೋಡಬಹುದು. 2024ರಿಂದ ಅಲ್ಲಿ ಕೈಬರಹದ ಜಮೀನು ಪತ್ರ, ವಿಲ್‌ಗಳ ಒಳಗಿನ ಪದಗಳನ್ನೂ ಹುಡುಕೋ ಸೌಲಭ್ಯ ಬಂದಿದೆ. ನಿಮ್ಮ ಹಳ್ಳದ ಹೆಸರು, ಜೊತೆಗೆ ಸ್ಕೂಲ್ ಹೌಸ್ ಅಂತ ಕೊಟ್ಟು ನೋಡಿ. ಯಂತ್ರ ಓದೋದು, ತಪ್ಪು ಇದ್ದೇ ಇರುತ್ತೆ, ಮೂಲ ಚಿತ್ರ ತೆರೆದೇ ಓದಿ. ಆಗಿನವರು ಜಾನ್ ಅನ್ನು ಜೆ-ಎನ್-ಓ ಅಂತ, ಜೇಮ್ಸ್ ಅನ್ನು ಜೆ-ಎ-ಎಸ್ ಅಂತ ಚಿಕ್ಕದಾಗಿ ಬರೀತಿದ್ದರು, ಎರಡನ್ನೂ ಒಂದೇ ಅಂದುಕೊಂಡರೆ ವಂಶವೇ ಅದಲುಬದಲು.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯೋ ಹೊತ್ತಿಗೆ ಲಿಟರರಿ ಫಂಡ್ ಮುಳುಗಿತ್ತು, ಅಲ್ಲಿಂದ ನಾಲ್ಕೈದು ವರ್ಷ ಸರ್ಕಾರಿ ಶಾಲೆಯ ಕಾಗದ ತೀರಾ ಕಮ್ಮಿ. 1868ರ ರಾಜ್ಯ ಸಂವಿಧಾನ ಹಳೇ ಕೋರ್ಟನ್ನು ರದ್ದು ಮಾಡಿ ಕೌಂಟಿ ಕಮಿಷನರ್‌ಗಳನ್ನು, ಟೌನ್‌ಶಿಪ್ ಅನ್ನೋ ಕೌಂಟಿಯ ಒಳವಿಭಾಗಗಳನ್ನು ತಂದಿತು, ವರ್ಷಕ್ಕೆ ನಾಲ್ಕು ತಿಂಗಳು ಶಾಲೆ ನಡೆಸದಿದ್ದರೆ ಕಮಿಷನರ್‌ಗಳ ಮೇಲೆ ಕೇಸು ಹಾಕಬಹುದು ಅಂತಲೂ ಬರೆಯಿತು. ಹಾಗಾಗಿ ಆಮೇಲಿನ ಕಾಲಕ್ಕೆ ಕಮಿಷನರ್‌ಗಳ ಮಿನಿಟ್ಸ್, ನಂತರ ಕೌಂಟಿ ಶಿಕ್ಷಣ ಮಂಡಳಿಯ ಮಿನಿಟ್ಸ್ ನೋಡಿ. ನಿಮ್ಮ ಜಾಗ ದಕ್ಷಿಣದ ಅಂಚಿನಲ್ಲಿದ್ದರೆ ಲೀ ಕೌಂಟಿಯನ್ನೂ ನೆನಪಿಡಿ, 1907ರಲ್ಲಿ ಚಾಥಮ್ ಮತ್ತು ಮೂರ್ ಕೌಂಟಿಗಳಿಂದ ಕತ್ತರಿಸಿ ಮಾಡಿದ್ದು ಅದು.

ಇನ್ನು ನಿಮ್ಮ ಪಕ್ಕದ ಹಿರಿಯರು ಹೇಳಿದ ಶಾಲೆ ಯಾವುದು ಅನ್ನೋದನ್ನು ವಿಚಾರಿಸಲೇಬೇಕು. ಅವರು ಆಫ್ರಿಕನ್ ಅಮೆರಿಕನ್ ಕುಟುಂಬದವರು ಅಂತ ಬರೆದಿದ್ದೀರಿ. ಗುಲಾಮರಿಗೆ ಓದು ಕಲಿಸೋದು 1830ರ ಕಾಯ್ದೆಯಿಂದ ಈ ರಾಜ್ಯದಲ್ಲಿ ಅಪರಾಧವಾಗಿತ್ತು, ಕಲಿಸಿದ ಬಿಳಿಯರಿಗೆ 100ರಿಂದ 200 ಡಾಲರ್ ದಂಡ. 1839ರ ಕಾಮನ್ ಸ್ಕೂಲೂ ಬಿಳಿ ಮಕ್ಕಳಿಗೆ ಮಾತ್ರ. ಅಂದಮೇಲೆ ಅವರ ಮನೆಯವರು ನೆನೆಯೋ ಶಾಲೆ ಬಹುಶಃ 1865ರ ಈಚೆಯದು. ಅದಕ್ಕೆ ಬೇರೆ ದಾರಿ. ಬಿಡುಗಡೆಯಾದ ಗುಲಾಮರ ನೆರವಿಗೆ ಕೇಂದ್ರ ಸರ್ಕಾರ ತೆರೆದಿದ್ದ ಫ್ರೀಡ್‌ಮೆನ್ಸ್ ಬ್ಯೂರೋದ ಕಡತದಲ್ಲಿ 1870ರವರೆಗೆ ಮೇಷ್ಟರುಗಳು ತಿಂಗಳು ತಿಂಗಳು ಕಳಿಸಿದ ಅಚ್ಚಾದ ನಮೂನೆಗಳಿವೆ: ಕಟ್ಟಡ ಯಾರದು, ಖರ್ಚು ಯಾರದು, ಅಕ್ಷರ ಕಲಿಯೋರು ಎಷ್ಟು, ಓದೋರು ಎಷ್ಟು, ರಾತ್ರಿ ಶಾಲೆ ಇದೆಯಾ, ಯುದ್ಧಕ್ಕೆ ಮುಂಚೆಯೇ ಸ್ವತಂತ್ರರಾಗಿದ್ದವರು ಎಷ್ಟು. ಮಕ್ಕಳ ಹೆಸರು ಇರಲ್ಲ, ಎಣಿಕೆ ಮಾತ್ರ. ಜಮೀನು ಪತ್ರದಲ್ಲಿ ಚರ್ಚಿನ ಟ್ರಸ್ಟಿಗಳ ಹೆಸರಲ್ಲಿ ಹುಡುಕಿ, ಚರ್ಚು, ಶಾಲೆ ಒಂದೇ ಜಾಗದಲ್ಲಿರೋದು ಸಾಮಾನ್ಯ. ರಾಜ್ಯದ ಶಿಕ್ಷಣ ಇಲಾಖೆಯಲ್ಲಿ 1868ರಿಂದ 1870ರವರೆಗೆ ಈ ಶಾಲೆಗಳನ್ನು ನೋಡಿಕೊಂಡವರು ಜೇಮ್ಸ್ ವಾಕರ್ ಹುಡ್, ಸ್ವತಃ ಆಫ್ರಿಕನ್ ಅಮೆರಿಕನ್ನರ ಎಎಂಇ ಜಯಾನ್ ಚರ್ಚಿನ ಪಾದ್ರಿ. 1875ರ ತಿದ್ದುಪಡಿಯ ಮೇಲೆ ಬಿಳಿಯರಿಗೆ, ಆಫ್ರಿಕನ್ ಅಮೆರಿಕನ್ನರಿಗೆ ಪ್ರತ್ಯೇಕ ಶಾಲೆ ಅನ್ನೋದು ರಾಜ್ಯ ಸಂವಿಧಾನದಲ್ಲೇ ಸೇರಿತು, ಅಲ್ಲಿಂದ ಪಟ್ಟಿಗಳೂ ಬೇರೆ ಬೇರೆ, ಡಿಸ್ಟ್ರಿಕ್ಟ್ ನಂಬರೂ ಬೇರೆ ಬೇರೆ. ಒಂದೇ ನಂಬರ್ ಎರಡು ಶಾಲೆಗೆ ಇರಬಹುದು, ಹುಷಾರು.

ಹಿರಿಯರ ನೆನಪು ರೋಸೆನ್‌ವಾಲ್ಡ್ ಶಾಲೆಯದ್ದೂ ಆಗಿರಬಹುದು. ಅದು ಜೂಲಿಯಸ್ ರೋಸೆನ್‌ವಾಲ್ಡ್ ಅನ್ನೋ ದಾನಿಯ ನೆರವಿನಿಂದ ಆಫ್ರಿಕನ್ ಅಮೆರಿಕನ್ ಮಕ್ಕಳಿಗೆ ಕಟ್ಟಿದ ಇಪ್ಪತ್ತನೇ ಶತಮಾನದ ಶಾಲೆ, ಈ ರಾಜ್ಯದಲ್ಲಿ ಅಂಥವು ಬೇರಾವ ರಾಜ್ಯಕ್ಕಿಂತ ಹೆಚ್ಚು ಎದ್ದವು. ಕಟ್ಟಡಕ್ಕೆ ಸಾಲುಸಾಲು ದೊಡ್ಡ ಕಿಟಕಿ ಇತ್ತಾ ಅಂತ ಕೇಳಿ, ಇತ್ತು ಅಂದರೆ ಅನುಮಾನ ಅತ್ತ ಕಡೆ. ಹೋಗುವಾಗ ಬರೀ ಪ್ರಶ್ನೆ ಹಿಡಿದು ಹೋಗಬೇಡಿ, ನಿಮ್ಮ ತೋಟದ ಬೆಂಡೆಕಾಯಿ ತಗೊಂಡು ಹೋಗಿ. ಅವರ ಅಡುಗೆಯಲ್ಲೂ ಅದಕ್ಕೆ ನಮ್ಮಷ್ಟೇ ಮರ್ಯಾದೆ.

ಜನಗಣತಿ ಬಗ್ಗೆ ಚಿಕ್ಕದಾಗಿ: 1850ರಿಂದ 'ಈ ವರ್ಷ ಶಾಲೆಗೆ ಹೋದ' ಅನ್ನೋ ಕಾಲಂ ಇದೆ, ಗುಲಾಮರಾಗಿದ್ದವರೆಲ್ಲರ ಹೆಸರು ಮೊದಲು ಬರೋದು 1870ರಲ್ಲಿ, 1890ರದ್ದು ಬಹುಪಾಲು ಬೆಂಕಿಗೆ ಹೋಯ್ತು. ಗಣತಿದಾರ ಮನೆಯಿಂದ ಮನೆಗೆ ನಡೆದ ಸಾಲಿನಲ್ಲೇ ಓದಿ, ನೆರೆಹೊರೆ ಕಣ್ಣಮುಂದೆ ಬರುತ್ತೆ. ಜೊತೆಗೆ 1870ರಲ್ಲಿ ಎನ್. ಎ. ರಾಮ್ಸೆ ಮಾಡಿದ ಚಾಥಮ್ ನಕ್ಷೆ ತೆರೆದಿಟ್ಟುಕೊಳ್ಳಿ. ಜಮೀನುದಾರರ ಹೆಸರು ಅದರ ಮೇಲೇ ಇದೆ, ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದವರ (ಯುಎನ್‌ಸಿ) ನಕ್ಷೆ ಸಂಗ್ರಹದಲ್ಲಿ ದೊಡ್ಡದು ಮಾಡಿ ನೋಡಬಹುದು.

ಆರ್ಕೈವ್ಸ್‌ಗೆ ಪೆನ್ ಒಯ್ಯಬೇಡಿ, ಪೆನ್ಸಿಲ್ ಸಾಕು. ಫ್ಲ್ಯಾಶ್ ಆರಿಸಿಕೊಂಡು ಫೋಟೋ ತೆಗೆಯುವಾಗ ಪೆಟ್ಟಿಗೆ ಮತ್ತು ಫೋಲ್ಡರಿನ ಚೀಟಿಯದ್ದೂ ಒಂದೊಂದು ತೆಗೆಯಿರಿ. ಸದ್ಯಕ್ಕೆ ನಿಮ್ಮ ಕ್ರಯಪತ್ರದ ಬುಕ್ ನಂಬರ್, ಪುಟ, ಹಳ್ಳದ ಹೆಸರು, ಟೌನ್‌ಶಿಪ್ ಇಷ್ಟು ಇಲ್ಲಿ ಹಾಕಿ, ಈಗಿನವರ ಹೆಸರು, ವಿಳಾಸ ಮುಚ್ಚಿ. ಹಿಂದಿನ ಎರಡು ಮೂರು ಮಾಲೀಕರನ್ನು ಈ ವಾರಾಂತ್ಯ ನಾನೂ ಹುಡುಕ್ತೀನಿ.