ಮಂಡ್ಯದ ಸೈಟು, ಬೆಂಗಳೂರಿನ ಫ್ಲ್ಯಾಟು: ಮೇಷ್ಟ್ರ ಪತ್ರಕ್ಕೆ ಉತ್ತರ

ಮಂಡ್ಯದ ಗುತ್ತಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ಮಗನಿಗೆ ಬೆಂಗಳೂರಿನಲ್ಲಿ, ಎಂ.ಜಿ. ರಸ್ತೆ ಹತ್ತಿರ ಕೆಲಸ. ಕೆಂಗೇರಿಯಲ್ಲಿ ಬಾಡಿಗೆ ಮನೆ, ತಿಂಗಳಿಗೆ 24,000. ಅಲ್ಲೇ 85 ಲಕ್ಷದ ಫ್ಲ್ಯಾಟು ನೋಡಿದ್ದಾನೆ. ನನ್ನ ನಿವೃತ್ತಿಯ 30 ಲಕ್ಷದಲ್ಲಿ ಮುಕ್ಕಾಲು ಭಾಗ ಕೇಳುತ್ತಿದ್ದಾನೆ. ಮೈಸೂರಿನ ರಿಂಗ್ ರೋಡ್ ಆಚೆ 30×40 ಸೈಟಿಗೆ 36 ಲಕ್ಷ. ಮಂಡ್ಯದ ಹೊರಗಿನ ಹೊಸ ಬಡಾವಣೆಯಲ್ಲಿ 18 ಲಕ್ಷ, ನನಗೆ ಅದರ ಮೇಲೆ ಮನಸ್ಸು. ಆಷಾಢಕ್ಕೆ ಮುಂಚೆ ಅಡ್ವಾನ್ಸ್ ಕೊಡಿ ಅಂತ ಬ್ರೋಕರ್ ದಿನಾ ಫೋನ್ ಮಾಡುತ್ತಾನೆ. ಒಂದೇ ಅಳತೆಯ ನೆಲಕ್ಕೆ ಊರಿಂದ ಊರಿಗೆ ಇಷ್ಟು ವ್ಯತ್ಯಾಸ ಯಾಕೆ? ನಾನು ಸರಿಯೋ, ಮಗ ಸರಿಯೋ? ಈ ವಿಷಯಕ್ಕೆ ಎರಡು ವಾರದಿಂದ ನಮ್ಮಿಬ್ಬರಿಗೂ ಸರಿಯಾಗಿ ಮಾತಿಲ್ಲ."

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದ ಕೊನೆಯ ಸಾಲು ಓದಿ ಬೇಜಾರಾಯಿತು. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಬೆಲೆಯ ಮಾತು. ಮನೆ ಕಟ್ಟುವ ಖರ್ಚು ಮಂಡ್ಯದಲ್ಲೂ ಬೆಂಗಳೂರಿನಲ್ಲೂ ಆಕಾಶ ಪಾತಾಳ ಏನಲ್ಲ. ಸಿಮೆಂಟು ಅದೇ, ಕಬ್ಬಿಣ ಅದೇ. ಗಾರೆ ಕೆಲಸದವರ ಕೂಲಿಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ. ನಿಜವಾಗಿ ಬೇರೆಯಾಗುವುದು ನೆಲದ ಬೆಲೆ. ನೆಲಕ್ಕೆ ಆ ಬೆಲೆ ಬರುವುದು ಅಲ್ಲಿಂದ ಎಷ್ಟು ಜನ ಬೆಳಗ್ಗೆ ಎದ್ದು ಸಂಬಳದ ಕೆಲಸಕ್ಕೆ ಹೋಗಬಹುದು ಎಂಬುದರಿಂದ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡತೊಡಗಿತು. ಕೆಂಗೇರಿಯಲ್ಲಿ ರೈಲು ಹತ್ತಿದವರು ಬಸ್ಸು ಬದಲಿಸದೆ ಎಂ.ಜಿ. ರಸ್ತೆಯಲ್ಲಿ ಇಳಿಯಬಹುದು. ನಿಮ್ಮ ಮಗ ನೋಡಿರುವ 85 ಲಕ್ಷದೊಳಗೆ ಆ ಅನುಕೂಲದ ಬೆಲೆಯೂ ಸೇರಿದೆ.

ಸರ್ಕಾರಕ್ಕೂ ಈ ವ್ಯತ್ಯಾಸ ಗೊತ್ತು. ಕೇಂದ್ರ ಸರ್ಕಾರಿ ನೌಕರರಿಗೆ 2024ರ ಜನವರಿಯಿಂದ ನಿಗದಿಯಾದ ಮನೆ ಬಾಡಿಗೆ ಭತ್ಯೆ ನೋಡಿ. ಬೆಂಗಳೂರಿನಲ್ಲಿದ್ದರೆ ಮೂಲ ವೇತನದ ಶೇ 30, ಮೈಸೂರಿನಲ್ಲಿ ಶೇ 20, ಮಂಡ್ಯದಲ್ಲಿ ಶೇ 10. ನಿಮ್ಮ ಪತ್ರದ ಎರಡು ಸೈಟುಗಳ ಬೆಲೆಯೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿದೆ, ಅಲ್ವಾ?

ಮೈಸೂರಿಗೆ ಮಂಡ್ಯದ ಎರಡರಷ್ಟು ಯಾಕೆ ಎಂದರೆ ಅದಕ್ಕೆ ಹಳೆಯ ಕಾರಣವೂ ಇದೆ, ಹೊಸ ಕಾರಣವೂ ಇದೆ. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲೇ ಮೈಸೂರಿನಲ್ಲಿ ನಗರಾಭಿವೃದ್ಧಿಗೆ ಅಂತ ಒಂದು ಟ್ರಸ್ಟ್ ಬೋರ್ಡು ಆಯಿತು. ಅಗಲವಾದ ರಸ್ತೆ, ಅಳತೆ ಮಾಡಿದ ಸೈಟು, ಚರಂಡಿ, ಎಲ್ಲ ಯೋಚಿಸಿ ಬಡಾವಣೆ ಮಾಡುವ ಅಭ್ಯಾಸ ಆ ಊರಿಗೆ ಆಗಿನಿಂದ ಬಂತು. ಜನ ಮೈಸೂರಿಗೆ ಬಂದು ನೆಲೆಸಲು ಬಯಸುವುದು ಅದಕ್ಕೇ. ಆಮೇಲೆ 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ತಾಸಿನ ದಾರಿ ಒಂದೂವರೆ ತಾಸಿಗೆ ಇಳಿಯಿತು. ಬೆಂಗಳೂರಿನಲ್ಲಿ ದುಡಿದವರ ಹಣಕ್ಕೂ ಮೈಸೂರು ಹತ್ತಿರವಾಯಿತು. ಮಂಡ್ಯವೂ ಅದೇ ದಾರಿಯಲ್ಲಿದೆ ನಿಜ. ಆದರೆ ಮಂಡ್ಯದವರು ಈಗಲೂ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಕೆಲಸಕ್ಕೆ ಬೇರೆ ಊರಿಗೆ ಹೋಗುತ್ತಾರೆ. ಕೆಲಸವೇ ಮಂಡ್ಯಕ್ಕೆ ಬಂದಿಲ್ಲ. ಕಡಿಮೆ ಬೆಲೆಗೆ ಅದೇ ಕಾರಣ. ಊರು ಕಮ್ಮಿ ಅಂತ ಅಲ್ಲ.

ಈಗ ಮಗನ ಫ್ಲ್ಯಾಟು. ಕಾಗದ ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದೆ. ನೀವೂ ಮಗನ ಜೊತೆ ಕೂತು ಒಮ್ಮೆ ಹಾಕಿ ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದ ಸಾಲವಾದರೆ ಮನೆ ಬೆಲೆಯ ಶೇ 80ರವರೆಗೆ ಸಿಗುತ್ತದೆ. ಅಂದರೆ 68 ಲಕ್ಷ. ಉಳಿದ 17 ಲಕ್ಷ ಕೈಯಿಂದ ಹಾಕಬೇಕು. ಅದರ ಮೇಲೆ ನೋಂದಣಿ ಖರ್ಚು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು ಶೇ 7.6, ಸುಮಾರು ಆರೂವರೆ ಲಕ್ಷ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಮಗ ನಿಮ್ಮನ್ನು ಕೇಳುತ್ತಿರುವುದು ಹೆಚ್ಚುಕಡಿಮೆ ಈ ಇಪ್ಪತ್ತಮೂರೂವರೆ ಲಕ್ಷವನ್ನೇ ಇರಬೇಕು.

ಇನ್ನು ಕಂತು. ಶೇ 8ರ ಬಡ್ಡಿ, 20 ವರ್ಷ ಎಂದರೆ ತಿಂಗಳಿಗೆ ಸುಮಾರು 56,900. ಮೊದಲ ತಿಂಗಳ ಕಂತಿನಲ್ಲಿ 45,300 ಬರೀ ಬಡ್ಡಿಗೇ ಹೋಗುತ್ತದೆ. "ಬಾಡಿಗೆ ಕಟ್ಟಿದ್ದೆಲ್ಲ ದಂಡ" ಎಂದು ಮಗ ಹೇಳುತ್ತಾನೆ ಅಂತ ಬರೆದಿದ್ದೀರಿ. 24,000 ಬಾಡಿಗೆ ದಂಡವಾದರೆ 45,300 ಬಡ್ಡಿಯನ್ನು ಏನೆನ್ನಬೇಕು? ಬಾಡಿಗೆ ವರ್ಷ ವರ್ಷ ಏರುತ್ತದೆ, ಮಾಲೀಕರು ಖಾಲಿ ಮಾಡಿ ಅನ್ನಬಹುದು, ಮಕ್ಕಳ ಸ್ಕೂಲು ಬದಲಾಗಬಹುದು. ಆ ಕಷ್ಟ ನಾನೂ ಉಂಡಿದ್ದೇನೆ. ಅವನ ಆಸೆ ತಪ್ಪಲ್ಲ. ಆದರೆ ಅವಸರ ಪಡುವಂಥದ್ದು ಈ ಲೆಕ್ಕದಲ್ಲಿ ಏನೂ ಇಲ್ಲ.

ನಿಮ್ಮ 30 ಲಕ್ಷದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮುಕ್ಕಾಲು ಭಾಗ ಕೊಡಬೇಡಿ. ಪಿಂಚಣಿ ಇದೆ, ಸರಿ. ಆದರೆ ಅಮ್ಮನವರ ಮಂಡಿ ಆಪರೇಷನ್ ಬಾಕಿ ಇದೆ ಎಂದು ನೀವೇ ಬರೆದಿದ್ದೀರಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ 30 ಲಕ್ಷದವರೆಗೆ ಇಡಬಹುದು. ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಕೈಗೆ ಬರುತ್ತದೆ. ಮಗನ ಬಾಡಿಗೆಯಲ್ಲಿ ಸ್ವಲ್ಪ ನೀವು ಹಂಚಿಕೊಂಡರೂ ಅಸಲು ಹಾಗೇ ಇರುತ್ತದೆ. ಅವನು ಎರಡು ಮೂರು ವರ್ಷ ಕಂತಿನಷ್ಟೇ ಹಣ ತೆಗೆದಿಡಲಿ. ಬಾಡಿಗೆ ಕಳೆದು ತಿಂಗಳಿಗೆ 32,900 ಉಳಿಸಲು ಆದರೆ, ಕಂತು ಕಟ್ಟಲೂ ಆಗುತ್ತದೆ ಎಂದು ಅವನಿಗೇ ಗೊತ್ತಾಗುತ್ತದೆ.

ಹಾಗಂತ ಮಂಡ್ಯದ ಸೈಟು ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನಿಮಗೆ ಗುತ್ತಲಿನಲ್ಲಿ ಮನೆ ಇದೆ. ಮಗ ವಾಪಸ್ ಬರುವ ಮಾತಿಲ್ಲ. ಆ ಸೈಟಿನಲ್ಲಿ ಮನೆ ಕಟ್ಟಿ ಇರುವವರು ಯಾರು?

ಆದರೂ ಮನಸ್ಸು ಅಲ್ಲೇ ಇದ್ದರೆ, ನನ್ನ ಅನುಭವ ಕೇಳಿ. 2007ರಲ್ಲಿ ನಾನು ಮೈಸೂರಿನ ಹೊರಗೆ ಒಂದು ರೆವಿನ್ಯೂ ಸೈಟು, ಅಂದರೆ ಭೂ ಪರಿವರ್ತನೆ ಆಗದ ಕೃಷಿ ಜಮೀನಿನಲ್ಲಿ ಮಾಡಿದ ಸೈಟು, ತೆಗೆದುಕೊಂಡೆ. ಕಲ್ಲು ನೆಟ್ಟಿದ್ದರು, ಬಣ್ಣದ ನಕ್ಷೆ ತೋರಿಸಿದರು, ಇ.ಸಿ.ಯಲ್ಲೂ (ಆಸ್ತಿಯ ಮೇಲಿನ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ) ಸಾಲ ಇರಲಿಲ್ಲ. ಐದು ವರ್ಷದ ಮೇಲೆ ನೋಟಿಸು ಬಂತು. ಅದು ದಲಿತ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಜಮೀನು ಆ ಮನೆಯವರಿಗೇ ಹೋಯಿತು. ಹೋಗಬೇಕಾದದ್ದೂ ಅವರಿಗೇ. ನಮ್ಮಿಂದ ಮುಚ್ಚಿಟ್ಟದ್ದು ಮಾರಿದವನು. ನನ್ನ ಹೆಂಡತಿಯ ಬಳೆ ಮಾರಿದ ದುಡ್ಡು ಅದರಲ್ಲಿತ್ತು.

ಅದಕ್ಕೇ ಹೇಳುವುದು, ಮೂಲ ಹುಡುಕಿ. ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಅದು ಸರ್ಕಾರ ಮಂಜೂರು ಮಾಡಿದ ಜಮೀನೋ ಖಾಸಗಿ ಹಿಡುವಳಿಯೋ ಕೇಳಿ. ಡಿ.ಸಿ. ಆದೇಶದ ಭೂ ಪರಿವರ್ತನೆ ಆಗಿದೆಯೇ, ನಗರಾಭಿವೃದ್ಧಿ ಪ್ರಾಧಿಕಾರ ನಕ್ಷೆಗೆ ಒಪ್ಪಿಗೆ ಕೊಟ್ಟಿದೆಯೇ ನೋಡಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. ಅನಧಿಕೃತ ಸೈಟಿಗೆ ಕೊಡುವ 11ಬಿ ಕೊಟ್ಟರೆ ಅಲ್ಲಿಗೇ ನಿಲ್ಲಿ. ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ಬೇಕು. ಮಗನ ಫ್ಲ್ಯಾಟಿಗೂ ರೇರಾ ನಂಬರ್ ಕೇಳಿ, ಮತ್ತೆ ಅದರಲ್ಲಿ ಅವನ ಪಾಲಿಗೆ ನೆಲ ಎಷ್ಟು ಚದರಡಿ ಬರುತ್ತದೆ ಅಂತ ಪತ್ರದಲ್ಲಿ ಓದಿ.

ಮಂಡ್ಯದ ಮಾತಿಗೆ ಇನ್ನೊಂದಿದೆ, ನಿಮಗೆ ಹೇಳಬೇಕಾಗಿಲ್ಲ. ನಮ್ಮ ಹೊಸ ಬಡಾವಣೆಗಳಲ್ಲಿ ಎಷ್ಟೋ ಮೊನ್ನೆಯವರೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಗಳು. ಅಂಥ ಕಡೆ ಪಾಯಕ್ಕೇ ಹಣ ಜಾಸ್ತಿ ಹೋಗುತ್ತದೆ. ಬ್ರೋಕರ್ ಬೇಸಿಗೆಯಲ್ಲಿ ತೋರಿಸಿದ ಸೈಟನ್ನು ನಾಲೆಗೆ ನೀರು ಬಿಟ್ಟ ಮೇಲೆ, ಮಳೆ ಬಿದ್ದ ಮರುದಿನ ಇನ್ನೊಮ್ಮೆ ಹೋಗಿ ನೋಡಿ.

ಆಷಾಢಕ್ಕೆ ಮುಂಚೆ ಅಡ್ವಾನ್ಸ್ ಕೊಡಬೇಡಿ. ಆಷಾಢ ಬರಲಿ. ಆ ತಿಂಗಳು ಯಾರೂ ನೋಂದಣಿಗೆ ಅವಸರ ಮಾಡುವುದಿಲ್ಲ, ಬ್ರೋಕರ್ ಫೋನೂ ಕಮ್ಮಿಯಾಗುತ್ತದೆ. ಅಷ್ಟರಲ್ಲಿ 30 ವರ್ಷದ ಇ.ಸಿ. ತೆಗೆಸಿ. ಮಗನನ್ನೇ ಜೊತೆಗೆ ಕರೆದುಕೊಂಡು ಹೋಗಿ. ಶನಿವಾರ ಬೆಳಗ್ಗೆ ಕೆಂಗೇರಿಯಲ್ಲಿ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾನೆ. ಈ ಲೆಕ್ಕ ಬರೆದ ಕಾಗದವನ್ನೂ ಆಗಲೇ ಅವನ ಮುಂದೆ ಇಡಿ.