ಮುಂದಿನ ಜಾಗಕ್ಕೆ ಮೂರು ಪಟ್ಟು ದರ ಕೊಡಬೇಕೇ?

ನಿಮ್ಮ ಮೆಚ್ಚಿನ ಹೆವಿ ಮೆಟಲ್ ಬ್ಯಾಂಡ್ ದೊಡ್ಡ ಸ್ಟೇಡಿಯಂ ಒಂದರಲ್ಲಿ ನುಡಿಸಲಿದೆ. ವೇದಿಕೆಯ ಎದುರಿನ ಬೇಲಿಯೊಳಗೆ ನಿಲ್ಲುವ ಟಿಕೆಟ್‌ಗೆ ಹಿಂದಿನ ಜಾಗದ ಮೂರು ಪಟ್ಟು ದರ. ಗೆಳೆಯರಲ್ಲಿ ಅರ್ಧದಷ್ಟು ಜನ ‘ಮತ್ತೆ ಸಿಗುವುದಿಲ್ಲ, ಕೊಂಡುಬಿಡು’ ಎನ್ನುತ್ತಿದ್ದಾರೆ, ಉಳಿದವರು ‘ಇದು ಹಗಲುದರೋಡೆ, ಹೋಗಲೇಬೇಡ’ ಎನ್ನುತ್ತಿದ್ದಾರೆ. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ.

ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ. ಕಾನ್ಸರ್ಟ್‌ಗೆ ಖಂಡಿತ ಹೋಗಿ, ಆದರೆ ಬೇಲಿಯೊಳಗಿನ ಟಿಕೆಟ್ ಕೊಳ್ಳಬೇಡಿ. ದುಡ್ಡು ಉಳಿಯುತ್ತದೆ ಎಂಬುದಕ್ಕಷ್ಟೇ ಹೀಗೆ ಹೇಳುತ್ತಿಲ್ಲ. ಆ ಬೇಲಿ ಮೆಟಲ್ ಕಾನ್ಸರ್ಟ್‌ನ ಜೀವವನ್ನೇ ಹಿಂಡುತ್ತಿದೆ ಎಂದು ನಾನು ನಂಬಿದ್ದೇನೆ.

ಒಮ್ಮೆ ನಾನೂ ಆ ಟಿಕೆಟ್ ಕೊಂಡಿದ್ದೆ. ಹದಿಹರೆಯದಿಂದ ಕೇಳಿಕೊಂಡು ಬಂದ ಬ್ಯಾಂಡ್, ಹಲವು ತಿಂಗಳ ಉಳಿತಾಯ. ಒಳಗೆ ಹೋಗಿ ನೋಡಿದರೆ ಮೈದಾನದ ಅತ್ಯುತ್ತಮ ಭಾಗ ಅರ್ಧ ಖಾಲಿ. ನನ್ನ ಸುತ್ತಲಿದ್ದವರಲ್ಲಿ ಅನೇಕರು ಮುಖ್ಯ ಬ್ಯಾಂಡ್ ಬರುವ ಹತ್ತು ನಿಮಿಷ ಮೊದಲು ಬಂದರು. ಮೊದಲ ಹಾಡಿಗೆ ಮೊಬೈಲ್‌ಗಳು ಮೇಲೆದ್ದವು, ಮೂರನೆಯ ಹಾಡಿಗೆ ಕೈಗಳು ಎದೆಯ ಮೇಲೆ ಕಟ್ಟಿಕೊಂಡವು. ನಮ್ಮನ್ನು ಸಾಮಾನ್ಯ ಟಿಕೆಟ್‌ನವರಿಂದ ಬೇರ್ಪಡಿಸುವ ಎರಡನೆಯ ಬೇಲಿಯ ಆಚೆ ಮಾತ್ರ ಸಾವಿರಾರು ಜನ ಗಂಟಲು ಹರಿಯುವಂತೆ ಪಲ್ಲವಿ ಹಾಡುತ್ತಿದ್ದರು, ಅಭಿಮಾನಿಗಳು ಗುಂಪಾಗಿ ವರ್ತುಲದಲ್ಲಿ ಓಡುವ ಸರ್ಕಲ್ ಪಿಟ್ ಧೂಳೆಬ್ಬಿಸಿ ಸುತ್ತುತ್ತಿತ್ತು. ಗಾಯಕ ನಮ್ಮ ತಲೆಗಳ ಮೇಲಿನಿಂದ ಅವರನ್ನೇ ನೋಡಿ ಹಾಡುತ್ತಿದ್ದ. ವೇದಿಕೆಗೆ ಅಷ್ಟು ಹತ್ತಿರ ನಿಂತಿದ್ದರೂ ಕಾನ್ಸರ್ಟ್ ನನ್ನ ಬೆನ್ನ ಹಿಂದೆ ನಡೆಯುತ್ತಿದೆ ಎನ್ನಿಸಿತು. ಅಷ್ಟು ಬೇಸರ ನನಗೆ ಇನ್ನಾವ ಕಾನ್ಸರ್ಟ್‌ನಲ್ಲೂ ಆಗಿಲ್ಲ.

ಮೊದಲೆಲ್ಲ ಮುಂದಿನ ಸಾಲಿಗೂ ಒಂದು ಬೆಲೆ ಇತ್ತು. ಬೆಳಿಗ್ಗೆಯೇ ಬಂದು ಬಾಗಿಲ ಎದುರು ಕೂರಬೇಕಿತ್ತು, ಒಳಗೆ ಬಿಟ್ಟ ಮೇಲೆ ಜಾಗ ಬಿಡದೆ ಗಂಟೆಗಟ್ಟಲೆ ನಿಲ್ಲಬೇಕಿತ್ತು. ಆ ಬೆಲೆಯನ್ನು ಬಡ ವಿದ್ಯಾರ್ಥಿಯೂ ತೆರಬಹುದಿತ್ತು. ಹಾಗಾಗಿ ಬ್ಯಾಂಡ್‌ನ ಕಣ್ಣೆದುರಿಗೆ ಹಾಡಿನ ಪ್ರತಿ ಸಾಲನ್ನೂ ಬಾಯಿಪಾಠ ಮಾಡಿಕೊಂಡವರೇ ಇರುತ್ತಿದ್ದರು. ಬೇರೆ ಬಗೆಯ ಸಂಗೀತಕ್ಕೆ ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೋ ತಿಳಿಯದು, ಮೆಟಲ್‌ಗಂತೂ ಇದೇ ಉಸಿರು. ಎದುರಿನ ಜನ ಕುದಿಯದಿದ್ದರೆ ವೇದಿಕೆಯ ಮೇಲಿನವರೂ ತಣ್ಣಗಾಗುತ್ತಾರೆ. ಹಣವಿದ್ದವರಿಗೆ ಮೀಸಲಿಟ್ಟ ಆ ಜಾಗ ಹಿಂದೆ ನಿಂತವರ ರಾತ್ರಿಯನ್ನೂ ಸ್ವಲ್ಪ ಕಸಿಯುತ್ತದೆ.

ಇನ್ನು ‘ಹಗಲುದರೋಡೆ’ ಎನ್ನುವ ಗೆಳೆಯರ ಮಾತು. ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ಲೆಕ್ಕ ಅರ್ಧ. ಆಲ್ಬಮ್ ಮಾರಾಟದಿಂದ ಬ್ಯಾಂಡ್‌ಗಳು ಬದುಕುವ ಕಾಲ ಮುಗಿದಿದೆ. ಸ್ಟ್ರೀಮಿಂಗ್‌ನಲ್ಲಿ ಒಂದು ಹಾಡು ಒಮ್ಮೆ ಕೇಳಿದರೆ ಸಿಗುವುದು ಪುಡಿಗಾಸು. ಹೀಗಾಗಿ ಪ್ರವಾಸವೇ ಮುಖ್ಯ ಆದಾಯ. ಆ ಪ್ರವಾಸದ ಖರ್ಚೂ ಬೆಳೆದಿದೆ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ 2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಂನಿಂದ ಆರಂಭಿಸಿದ ಎಂ72 ಪ್ರವಾಸವನ್ನೇ ನೋಡಿ. ಮೈದಾನದ ನಡುವೆ ಉಂಗುರದಂಥ ವೇದಿಕೆ, ಸುತ್ತ ಪರದೆ ಮತ್ತು ಸ್ಪೀಕರ್ ಹೊತ್ತ ಗೋಪುರಗಳು, ಉಂಗುರದ ನಾಲ್ಕು ಕಡೆ ಡ್ರಮ್ಸ್. ಬಹುತೇಕ ಊರುಗಳಲ್ಲಿ ಎರಡು ರಾತ್ರಿ, ಎರಡನೆಯ ರಾತ್ರಿ ಮೊದಲ ರಾತ್ರಿಯ ಒಂದು ಹಾಡೂ ಮರುಕಳಿಸುವುದಿಲ್ಲ. ದುಬಾರಿಯಾದರೂ ಕೊಟ್ಟ ಹಣ ಎಲ್ಲಿಗೆ ಹೋಯಿತು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಅಂಥ ದರಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು ಸರದಿಯಲ್ಲಿ ಕಾಯುತ್ತಿರುವಾಗಲೇ ಏರುವ ದರಕ್ಕೆ. ಬೇಡಿಕೆ ನೋಡಿ ಬೆಲೆ ಬದಲಿಸುವ ಈ ಪದ್ಧತಿಯಲ್ಲಿ ಒಂದೇ ಸಾಲಿನ ಅಕ್ಕಪಕ್ಕದ ಇಬ್ಬರು ಬೇರೆ ಬೇರೆ ಹಣ ಕೊಟ್ಟಿರುತ್ತಾರೆ. ಮೂರು ಗಂಟೆ ಪರದೆಯ ಮುಂದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದು, ನನ್ನ ಸರದಿ ಬಂದಾಗ ಬೆಳಿಗ್ಗೆ ಕಂಡ ಮೊತ್ತದ ಎರಡರಷ್ಟು ಕಂಡಾಗ ಹೊಟ್ಟೆಯಲ್ಲಿ ಆದ ಸಂಕಟ ನನಗಿನ್ನೂ ನೆನಪಿದೆ. ಆ ದಿನ ನಾನು ಕೊಳ್ಳಲಿಲ್ಲ.

ಇಲ್ಲಿ ಅಭಿಮಾನಿಗಳು ಒಂದು ಸಂಗತಿಯನ್ನು ಮರೆಯುತ್ತಾರೆ. ಬಯ್ಗುಳವೆಲ್ಲ ಟಿಕೆಟ್ ಮಾರುವ ಕಂಪನಿಗೆ ಹೋಗುತ್ತದೆ, ಬ್ಯಾಂಡ್ ಮಾತ್ರ ಪೂಜೆಯ ಪೀಠದಲ್ಲೇ ಉಳಿಯುತ್ತದೆ. ಆದರೆ ಏರಿಳಿಯುವ ದರ ಬೇಡ ಎನ್ನುವ ಶಕ್ತಿ ದೊಡ್ಡ ಕಲಾವಿದರಿಗೆ ಇದೆ. ಮೆಟಲ್‌ನಿಂದ ಹೊರಗಿನವನಾದರೂ ಬ್ರಿಟನ್ನಿನ ರಾಕ್ ಬ್ಯಾಂಡ್ ದಿ ಕ್ಯೂರ್‌ನ ಗಾಯಕ ರಾಬರ್ಟ್ ಸ್ಮಿತ್ 2023ರ ಅಮೆರಿಕ ಪ್ರವಾಸಕ್ಕೆ ಹಾಗೆಯೇ ಬೇಡ ಎಂದ. 20 ಡಾಲರ್‌ನ ಟಿಕೆಟ್‌ಗಳನ್ನೂ ಇಟ್ಟ. ಅವುಗಳ ಮೇಲೆ ಟಿಕೆಟ್‌ಗಿಂತ ಹೆಚ್ಚಿನ ಶುಲ್ಕ ಬಿದ್ದಾಗ ಬಹಿರಂಗವಾಗಿ ಜಗಳ ತೆಗೆದ, ಟಿಕೆಟ್ ಮಾರುವ ಕಂಪನಿ ಟಿಕೆಟ್‌ಮಾಸ್ಟರ್ ಒಂದಿಷ್ಟು ಹಣವನ್ನು ಅಭಿಮಾನಿಗಳಿಗೆ ಹಿಂದಿರುಗಿಸಬೇಕಾಯಿತು. ಮೆಟಲ್ ಬ್ಯಾಂಡ್ ಐರನ್ ಮೇಡನ್ 2017ರ ಬ್ರಿಟನ್ ಪ್ರವಾಸದಲ್ಲಿ ಕಾಗದದ ಟಿಕೆಟ್ಟನ್ನೇ ಬಿಟ್ಟು, ಕೊಳ್ಳಲು ಬಳಸಿದ ಕಾರ್ಡ್ ಮತ್ತು ಗುರುತಿನ ಚೀಟಿ ತೋರಿಸಿದವರನ್ನು ಒಳಬಿಟ್ಟು ಕಾಳಸಂತೆಯವರ ಬೆನ್ನು ಮುರಿಯಲು ನೋಡಿತು. ಮನಸ್ಸಿದ್ದವರು ಮಾಡಿದ್ದಾರೆ. ಆದ್ದರಿಂದ ನಿಮ್ಮ ಮೆಚ್ಚಿನ ಬ್ಯಾಂಡ್ ಏನು ಮಾಡಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಈಗ ಹಿಂದಿನ ಜಾಗದ ವಿಷಯ. ಅಗ್ಗ ಎಂದು ಎಲ್ಲಿಯಾದರೂ ಕೊಳ್ಳಬೇಡಿ, ಮೆಟಲ್‌ಗೆ ದೂರ ಎಂಬುದು ಶತ್ರು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಾಗಾಗಿ 100 ಮೀಟರ್ ದೂರದ ಆಸನಕ್ಕೆ ವೇದಿಕೆಯ ಸದ್ದು ಸುಮಾರು 0.3 ಸೆಕೆಂಡ್ ತಡವಾಗಿ ಮುಟ್ಟುತ್ತದೆ. ಡ್ರಮ್ ಮೇಲೆ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಏಟು ಆಮೇಲೆ ಕೇಳುತ್ತದೆ. ನಿಮಿಷಕ್ಕೆ 200 ಬಡಿತದ ಹಾಡಿನಲ್ಲಿ, ಒಂದು ಬಡಿತಕ್ಕೆ ನಾಲ್ಕರಂತೆ ಡಬಲ್ ಬಾಸ್ (ಎರಡೂ ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ನುಡಿಸಿದರೆ ಸೆಕೆಂಡಿಗೆ 13ಕ್ಕೂ ಹೆಚ್ಚು ಏಟುಗಳಾಗುತ್ತವೆ. ಅವುಗಳ ನಡುವಿನ ಪುಟ್ಟ ಖಾಲಿ ಜಾಗವನ್ನು ಸ್ಟೇಡಿಯಂನ ಕಾಂಕ್ರೀಟ್‌ಗೆ ಬಡಿದು ಮರಳಿದ ಪ್ರತಿಧ್ವನಿ ತುಂಬಿಬಿಡುತ್ತದೆ. ಡ್ರಮ್ಮರ್‌ನ ಅಷ್ಟು ವರ್ಷಗಳ ಸಾಧನೆ ಮೇಲಿನ ಮೂಲೆಯ ಆಸನದಲ್ಲಿ ಕುಳಿತವರಿಗೆ ಬರೀ ಗುಡುಗಾಗಿ ಕೇಳುತ್ತದೆ. ನಿಧಾನವಾದ, ಭಾರವಾದ ರಿಫ್‌ಗಳ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳ) ಬ್ಯಾಂಡ್‌ಗಳು ಸ್ಟೇಡಿಯಂನಲ್ಲಿ ಗೆಲ್ಲುವುದೂ ಅತಿವೇಗದವರು ಸಣ್ಣ ಸಭಾಂಗಣದಲ್ಲಿ ಗೆಲ್ಲುವುದೂ ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ ಕೇಳಿ, ಬೇಲಿಯೊಳಗಿನ ದುಬಾರಿ ಜಾಗದಲ್ಲಿಯೂ ಧ್ವನಿ ಅಷ್ಟೇನೂ ಚೆನ್ನಾಗಿರುವುದಿಲ್ಲ. ಮೇಲೆ ತೂಗುಹಾಕಿದ ಮುಖ್ಯ ಸ್ಪೀಕರ್‌ಗಳ ಗುರಿ ದೂರದ ಜನ, ವೇದಿಕೆಯ ಅಂಚಿನಲ್ಲಿ ನಿಂತವರಿಗೆ ಎದುರಿಗಿರುವ ವಾದ್ಯವೇ ಜೋರು, ಹಾಡುಗಾರನ ಪದಗಳು ಮಸುಕು. ಎಲ್ಲವೂ ಹದವಾಗಿ ಬೆರೆತು ಕೇಳುವುದು ಮೈದಾನದ ನಡುವೆ ಸೌಂಡ್ ಎಂಜಿನಿಯರ್ ಕೂರುವ ಮಿಕ್ಸಿಂಗ್ ಡೆಸ್ಕ್‌ನ ಆಸುಪಾಸು, ಏಕೆಂದರೆ ಆತ ತನ್ನ ಕಿವಿಗೆ ಕೇಳುವುದನ್ನೇ ತಿದ್ದುತ್ತಿರುತ್ತಾನೆ. ಅನೇಕ ಕಡೆ ಆ ಜಾಗ ಸಾಮಾನ್ಯ ಟಿಕೆಟ್‌ನ ಭಾಗದಲ್ಲೇ ಸಿಗುತ್ತದೆ.

ವಿಐಪಿ ಪ್ಯಾಕೇಜ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊರಳಿಗೆ ಹಾಕುವ ಪಾಸ್, ಪೋಸ್ಟರ್, ಪ್ರತ್ಯೇಕ ಬಾಗಿಲು, ಅಷ್ಟೇ.

ಸಂಗೀತೋತ್ಸವಗಳ ಲೆಕ್ಕ ಬೇರೆ. ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ 1990ರಲ್ಲಿ ಸುಮಾರು 800 ಜನರೊಂದಿಗೆ ಶುರುವಾದ ಮೆಟಲ್ ಉತ್ಸವಕ್ಕೆ ಈಗ 80,000ಕ್ಕೂ ಹೆಚ್ಚು ಜನ ಸೇರುತ್ತಾರೆ. 2024ರಲ್ಲಿ ಅದರ ಟಿಕೆಟ್ 333 ಯೂರೊ. ಹಳಬರು ಗೊಣಗಿದರು, ಆದರೂ ಟಿಕೆಟ್ ಬೇಗನೆ ಖಾಲಿಯಾದವು. ನೂರಾರು ಬ್ಯಾಂಡ್ ಎಂದು ಭಾಗಿಸಿ ‘ಒಂದಕ್ಕೆ ಎರಡೇ ಯೂರೊ’ ಎನ್ನುವವರ ಮಾತು ನಂಬಬೇಡಿ, ಯಾರೂ ನೂರು ಬ್ಯಾಂಡ್ ನೋಡುವುದಿಲ್ಲ. ಆದರೆ ಹೆಸರೇ ಕೇಳಿರದ ಬ್ಯಾಂಡ್ ಒಂದು ಮಧ್ಯಾಹ್ನದ ಬಿಸಿಲಲ್ಲಿ ನಿಮ್ಮನ್ನು ನಿಂತಲ್ಲೇ ಕಟ್ಟಿಹಾಕುವ ಸುಖ ಅಂಥ ಕಡೆ ಮಾತ್ರ ಸಿಗುತ್ತದೆ. ನಿಮ್ಮ ಕೈಯಲ್ಲಿರುವ ಮೊತ್ತಕ್ಕೆ ಬೇಲಿಯೊಳಗಿನ ಒಂದು ರಾತ್ರಿಯ ಬದಲು ಇಂಥದ್ದೊಂದು ಸಾಧ್ಯವೇ ಎಂದು ಯೋಚಿಸಿ.

‘ಮತ್ತೆ ಸಿಗುವುದಿಲ್ಲ’ ಎನ್ನುವ ಗೆಳೆಯರ ಮಾತಿಗೆ ಎದುರಾಡುವುದು ನನಗೂ ಕಷ್ಟ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಂನ ವಿಲ್ಲಾ ಪಾರ್ಕ್‌ನಲ್ಲಿ ಹೆವಿ ಮೆಟಲ್‌ನ ಆದಿ ಬ್ಯಾಂಡ್ ಎನ್ನಿಸಿಕೊಂಡ ಬ್ಲ್ಯಾಕ್ ಸಬ್ಬಾತ್‌ನ ಮೂಲ ಸದಸ್ಯರು ನಾಲ್ವರೂ ಕೊನೆಯ ಬಾರಿ ಒಟ್ಟಿಗೆ ನುಡಿಸಿದರು. ಟಿಕೆಟ್ ದರ ಸುಮಾರು 200 ಪೌಂಡ್‌ನಿಂದ ಆರಂಭವಾಗಿ ಸಾವಿರಗಳಿಗೆ ಏರಿದಾಗ ಅಭಿಮಾನಿಗಳಲ್ಲಿ ದೊಡ್ಡ ವಾಗ್ವಾದವೇ ನಡೆಯಿತು, ಹಣ ದತ್ತಿ ಸಂಸ್ಥೆಗಳಿಗೆ ಹೋಗುತ್ತದೆ ಎಂಬುದೂ ಎಲ್ಲರನ್ನೂ ಸಮಾಧಾನಪಡಿಸಲಿಲ್ಲ. ಅದರ ಗಾಯಕ ಆಜಿ ಆಸ್ಬರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದ. 17 ದಿನಗಳ ಬಳಿಕ ತೀರಿಕೊಂಡ. ಆ ದಿನ ಅಲ್ಲಿದ್ದವರನ್ನು ದರ ಹೆಚ್ಚಾಯಿತೇ ಎಂದು ಕೇಳುವ ಧೈರ್ಯ ನನಗಿಲ್ಲ. ನಿಮ್ಮ ಬ್ಯಾಂಡ್‌ನದು ನಿಜವಾದ ವಿದಾಯವಾಗಿದ್ದರೆ ಹೋಗದೆ ಇರಬೇಡಿ. ಆದರೆ ಅಲ್ಲಿ ಇರುವುದಕ್ಕೆ ಬೇಲಿಯೊಳಗೇ ನಿಲ್ಲಬೇಕೆಂದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಮೈದಾನದ ಸಾಮಾನ್ಯ ಟಿಕೆಟ್ ಕೊಂಡು, ಬಾಗಿಲು ತೆರೆಯುವ ಬಹಳ ಮೊದಲೇ ಹೋಗಿ, ಎರಡನೆಯ ಬೇಲಿಯ ಕಂಬಿಯನ್ನೇ ಹಿಡಿದು ನಡುಮಧ್ಯದಲ್ಲಿ ನಿಲ್ಲುತ್ತಿದ್ದೆ. ಮುಂದಿನ ಜಾಗ ಕಿಕ್ಕಿರಿಯದಿದ್ದರೆ ವೇದಿಕೆ ಕಾಣುತ್ತದೆ, ಬೆನ್ನ ಹಿಂದೆ ಹಾಡುವ ಜನ ಇರುತ್ತಾರೆ. ಕಂಬಿ ಸಿಗದಿದ್ದರೆ ಮಿಕ್ಸಿಂಗ್ ಡೆಸ್ಕ್‌ನ ಮುಂದೆ. ಮೊದಲು ನುಡಿಸುವ ಬ್ಯಾಂಡ್‌ಗಳನ್ನೂ ತಪ್ಪಿಸಬೇಡಿ, ನಿಮ್ಮ ಟಿಕೆಟ್‌ನಲ್ಲಿ ಅವರ ಹಾಡುಗಳೂ ಸೇರಿವೆ. ಉಳಿದ ಹಣದಲ್ಲಿ ಮೊದಲು ಸಂಗೀತಗಾರರು ಬಳಸುವಂಥ ಒಳ್ಳೆಯ ಇಯರ್‌ಪ್ಲಗ್ ಒಂದು ಜೊತೆ ಕೊಳ್ಳಿ. ನಾನು ಕೊಂಡದ್ದು ತಡವಾಯಿತು, ನನ್ನ ಎಡಕಿವಿಯಲ್ಲಿ ಈಗಲೂ ರಾತ್ರಿಯ ಹೊತ್ತು ಸಣ್ಣದೊಂದು ಶಿಳ್ಳೆ ಕೇಳುತ್ತಿರುತ್ತದೆ.