ಮೇಷ್ಟ್ರನ್ನು ಕೇಳಿ: ಪೀಪಾಯಿಯೊಳಗೆ ಕೂತ ಹುಡುಗ

ಪ್ರಶ್ನೆ: ಮೇಷ್ಟ್ರೇ, ನಾನು ಚಿತ್ರದುರ್ಗದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಆರನೇ ತರಗತಿ ಮಕ್ಕಳಿಗೆಂದು, ನಿಧಿ ಹುಡುಕಿಕೊಂಡು ಹಡಗಿನಲ್ಲಿ ಹೊರಡುವವರ ಕಥೆಯಾದ ‘ಟ್ರೆಷರ್ ಐಲ್ಯಾಂಡ್’ ಕಾದಂಬರಿಯನ್ನು ಕನ್ನಡದಲ್ಲಿ ಚಿಕ್ಕದಾಗಿ ಬರೆಯುತ್ತಿದ್ದೇನೆ. ನಮ್ಮ ಮಕ್ಕಳು ಸಮುದ್ರವನ್ನೇ ನೋಡಿಲ್ಲ. ಕಥೆಯನ್ನು ನಮ್ಮ ಕಡೆಗೇ ತಂದುಬಿಡಲೇ? ಎಷ್ಟು ಕತ್ತರಿಸಲಿ?

ಉತ್ತರ: ಬರೆಯಿರಿ ತಾಯಿ, ಖಂಡಿತ ಬರೆಯಿರಿ. ಕತ್ತರಿ ಹಿಡಿಯುವ ಮೊದಲು ಇದೊಂದು ಕೇಳಿ.

ಹೋದ ಬೇಸಿಗೆ ರಜೆಯಲ್ಲಿ ದಾವಣಗೆರೆಯ ನಮ್ಮ ಮನೆ ಜಗಲಿ ಮೇಲೆ ಓಣಿಯ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಇದೇ ಕಥೆ ಓದಿದೆ. ಮೊದಲು ತಂದದ್ದು ಒಂದು ತೆಳ್ಳನೆಯ ಸಂಕ್ಷಿಪ್ತ ಪುಸ್ತಕ. ಹಡಗಿನ ಅಡುಗೆಯವನು ಸಿಲ್ವರ್ ಮೋಸಗಾರ ಅಂತ ಕಥಾನಾಯಕ ಹುಡುಗ ಜಿಮ್‌ಗೆ ಗೊತ್ತಾಯಿತು ಎಂದು ಅದರಲ್ಲಿ ಒಂದೇ ಸಾಲಿತ್ತು. ಮಕ್ಕಳು ಮಂಡಕ್ಕಿ ಮುಕ್ಕುತ್ತಾ ‘ಆಮೇಲೆ?’ ಅಂದರು.

ಮಾರನೇ ದಿನ ಮೂಲವನ್ನೇ ತೊಡೆಯ ಮೇಲಿಟ್ಟುಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ಒಟ್ಟು 34 ಅಧ್ಯಾಯ, ಇದು 11ನೆಯದು. ಜಿಮ್‌ಗೆ ಸೇಬು ತಿನ್ನುವ ಆಸೆ. ಪೀಪಾಯಿ ಅಂದರೆ ಮರದ ಡ್ರಮ್ಮು ಅಂದೆ. ಸೇಬು ತಳಕ್ಕೆ ಹೋಗಿವೆ, ಹುಡುಗ ಒಳಗೇ ಇಳಿದುಬಿಡುತ್ತಾನೆ. ಕತ್ತಲು, ಹಡಗು ತೂಗುತ್ತಿದೆ, ನಿದ್ದೆ ಎಳೆಯುತ್ತಿದೆ. ಅಷ್ಟರಲ್ಲಿ ಯಾರೋ ದಪ್ಪನೆಯ ಆಸಾಮಿ ಪಕ್ಕದಲ್ಲಿ ಧಪ್ ಅಂತ ಕೂತು ಪೀಪಾಯಿಗೆ ಒರಗುತ್ತಾನೆ. ಪೀಪಾಯಿ ಅಲುಗುತ್ತದೆ. ದನಿ ಸಿಲ್ವರ್‌ನದು! ಕೊಲೆಯ ಮಾತು ನಡೆಯುತ್ತಿದೆ. ನಡುವೆ ಅವನು ಜೊತೆಯವನಿಗೆ, ಎದ್ದು ನನಗೊಂದು ಸೇಬು ತಂದುಕೊಡು ಅನ್ನುತ್ತಾನೆ.

ಅಲ್ಲಿಗೆ ನಿಲ್ಲಿಸಿದೆ. ಮಂಡಕ್ಕಿ ಹಿಡಿದ ಕೈಗಳು ಬಾಯಿ ಹತ್ತಿರವೇ ನಿಂತಿದ್ದವು. ಎಲ್ಲರಿಗಿಂತ ಚಿಕ್ಕವನು ಮೊಣಕಾಲು ಎದೆಗೆ ಅವುಚಿಕೊಂಡು ತಾನೇ ಪೀಪಾಯಿಯೊಳಗಿರುವ ಹಾಗೆ ಕೂತಿದ್ದ. ಸಮುದ್ರ ನೋಡದ ಮಕ್ಕಳೇ ಅವರೂ.

ನಿಮ್ಮ ದುರ್ಗದಲ್ಲಿ ಓಬವ್ವನ ಕಥೆ ಹೇಳುವಾಗ ‘ಹೈದರಾಲಿಯ ಸೈನಿಕರನ್ನು ಒನಕೆಯಿಂದ ಕೊಂದಳು’ ಅಂತ ಒಂದೇ ಉಸಿರಿಗೆ ಮುಗಿಸುತ್ತೀರಾ? ಗಂಡ ಉಣ್ಣಲು ಕೂತಿದ್ದಾನೆ, ಆಕೆ ನೀರಿಗೆ ಬಂದಿದ್ದಾಳೆ, ಕಿಂಡಿ ಕಡೆಯಿಂದ ಏನೋ ಸದ್ದು. ಆ ಸದ್ದು ಬಿಟ್ಟರೆ ಕಥೆ ಎಲ್ಲಿದೆ?

ಹಾಗಾಗಿ ಹಾಯಿ, ಹಗ್ಗಗಳ ಹೆಸರು, ಹಡಗು ತಿರುಗಿಸುವ ವಿವರ, ಲೆಕ್ಕಕ್ಕಷ್ಟೇ ಬರುವ ನಾವಿಕರು, ಇವನ್ನೆಲ್ಲ ಧಾರಾಳವಾಗಿ ತೆಗೆಯಿರಿ. ಕುರುಡ ಕಡಲ್ಗಳ್ಳ ಪ್ಯೂ ಕೋಲು ಕುಟ್ಟುತ್ತಾ ಬರುವ ಟಕ್ ಟಕ್ ಮಾತ್ರ ಮುಟ್ಟಬೇಡಿ. ಸಿಲ್ವರ್‌ನನ್ನು ಬರೀ ಕೆಟ್ಟವನನ್ನಾಗಿಯೂ ಮಾಡಬೇಡಿ. ಅವನಿಗೆ ಜಿಮ್ ಮೇಲೆ ನಿಜವಾಗಿಯೂ ಅಕ್ಕರೆ ಇದೆ. ಮಕ್ಕಳನ್ನು ಜಾಸ್ತಿ ಕಾಡುವುದು ಅದೇ.

ಊರು ಬದಲಿಸುವ ವಿಚಾರ. ಬ್ರೌನಿಂಗ್‌ನ ಕವಿತೆಯ ಹ್ಯಾಮೆಲಿನ್ ಪಟ್ಟಣವನ್ನು ಕುವೆಂಪು ಬೊಮ್ಮನಹಳ್ಳಿ ಮಾಡಿದರು, ವೇಸರ್ ನದಿ ತುಂಗೆಯಾಯಿತು, ಕೊಳಲಿನ ಬದಲು ಕಿಂದರಿ ಬಂತು. ಇಲಿಗಳ ಕಾಟ ನಮ್ಮ ಹಳ್ಳಿಗಳಿಗೂ ಗೊತ್ತಿದ್ದದ್ದೇ, ಹಾಗಾಗಿ ಅದು ಒಪ್ಪಿತು. ಈ ಕಥೆಗೆ ಸಮುದ್ರವೇ ಬೇಕು. ಹೆಸರುಗಳೂ ಹಾಗೇ ಇರಲಿ.

ಸ್ಟೀವನ್‌ಸನ್ 1881ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಇದನ್ನು ಬರೆಯುತ್ತಾ ಬರೆಯುತ್ತಾ ಮನೆಯವರಿಗೆ ಓದಿ ಹೇಳುತ್ತಿದ್ದ. ಕೇಳುತ್ತಿದ್ದ ಅವನ ಅಪ್ಪನಿಗೆ ಎಷ್ಟು ಹುಮ್ಮಸ್ಸು ಬಂತೆಂದರೆ, ಕಥೆಯ ಪೆಟ್ಟಿಗೆಯಲ್ಲಿ ಏನೇನಿರಬೇಕು ಅಂತ ತಾನೇ ಕೂತು ಪಟ್ಟಿ ಬರೆದುಕೊಟ್ಟ. ನೀವೂ ಬರೆದಷ್ಟನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ. ಮಕ್ಕಳು ಕಿಟಕಿ ಕಡೆ ತಿರುಗಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಕತ್ತರಿಸಬೇಕಾದದ್ದು ಅಲ್ಲಿ.

ಪ್ರಶ್ನೆ: ಸಂಕ್ಷಿಪ್ತ ಓದಿದ ಮಕ್ಕಳು ಮುಂದೆ ಪೂರ್ತಿ ಪುಸ್ತಕ ಮುಟ್ಟುವುದಿಲ್ಲ ಅಂತಾರೆ. ಹೌದಾ?

ಉತ್ತರ: ನಾನು ಹಾಗೆ ಹೇಳಲಾರೆ. 1865ರಲ್ಲಿ ‘ಆಲಿಸ್’ ಬರೆದ ಲೂಯಿಸ್ ಕ್ಯಾರಲ್ ತಾನೇ 1890ರಲ್ಲಿ ಅದನ್ನು ಪುಟ್ಟ ಮಕ್ಕಳಿಗೆಂದು ಚಿಕ್ಕದಾಗಿ ಮತ್ತೆ ಬರೆದ. ಇದು ಸಂಕ್ಷಿಪ್ತ, ದೊಡ್ಡದೊಂದು ಇದೆ ಅಂತ ಮಗುವಿಗೆ ಹೇಳಿಬಿಡಿ, ಸಾಕು.

ಪ್ರಶ್ನೆ: ಹಳೆಯ ಕಾದಂಬರಿಗಳಲ್ಲಿ ಕರಿಯರನ್ನು, ಆಳುಗಳನ್ನು ಕೀಳಾಗಿ ಕಾಣುವ ಮಾತುಗಳಿವೆ. ತೆಗೆದುಹಾಕಬೇಕಲ್ವಾ?

ಉತ್ತರ: ಸುಮ್ನೆ ಬಾಯಿಗೆ ಬಂದ ಬೈಗುಳವಾದರೆ ತೆಗೆಯಿರಿ, ಕಥೆಗೆ ನಷ್ಟವಿಲ್ಲ. ಕಥೆಯೇ ಅದರ ಮೇಲೆ ನಿಂತಿದ್ದರೆ ತೆಗೆಯಬೇಡಿ. ಅಂಥದ್ದನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ, ಪಕ್ಕದಲ್ಲಿ ಕೂತು ಓದಿ. 1719ರ ‘ರಾಬಿನ್ಸನ್ ಕ್ರೂಸೋ’ದಲ್ಲಿ ಕ್ರೂಸೋ ತಾನು ಉಳಿಸಿದವನಿಗೆ ಫ್ರೈಡೆ ಅಂತ ಹೆಸರಿಡುತ್ತಾನೆ, ತನ್ನನ್ನು ಮಾತ್ರ ‘ಒಡೆಯ’ ಅಂತ ಕರೆಯಲು ಕಲಿಸುತ್ತಾನೆ. ಅದನ್ನು ಓದಿದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಅಜ್ಜಾ, ಅವನ ಅವ್ವ ಇಟ್ಟ ಹೆಸರೇನು?’ ಪುಸ್ತಕ ಅದನ್ನು ಎಲ್ಲೂ ಹೇಳುವುದಿಲ್ಲ. ಅವತ್ತು ಓದು ಅಲ್ಲಿಗೇ ನಿಂತಿತು. ಕತ್ತಲಾಗುವ ತನಕ ಮಕ್ಕಳು ಅವನಿಗೆ ಒಂದೊಂದೇ ಹೆಸರು ಹುಡುಕುತ್ತಾ ಕೂತಿದ್ದರು.